ಸಂತೆಯಲ್ಲಿ ನಿದ್ದೆ: 'ಇನ್‌ಸೂಸಿಯನ್ಸ್' ಎಂಬ ಪದದ ಸುತ್ತ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಅದನ್ನು ಕಣ್ಣಾರೆ ಕಂಡದ್ದು ಮಾತ್ರ ಕೆಲವು ವರ್ಷಗಳ ಹಿಂದೆ, ಒಂದು ಮಂಗಳವಾರದ ಸಂತೆಯಲ್ಲಿ. ನಡುಮಧ್ಯಾಹ್ನದ ಹೊತ್ತು. ಈರುಳ್ಳಿ ರಾಶಿಯ ಹಿಂದೆ ಖಾಲಿ ಗೋಣಿಚೀಲ ಹಾಸಿಕೊಂಡು, ಮುಖದ ಮೇಲೆ ಟವೆಲು ಎಳೆದುಕೊಂಡು ಒಬ್ಬ ಮಲಗಿದ್ದ. ಎಡಗಡೆ ಬಟ್ಟೆ ವ್ಯಾಪಾರಿಯ ಮೈಕು ಒಂದೇ ಸಮನೆ ಕೂಗುತ್ತಿತ್ತು. ಬಲಗಡೆ ಒಣಮೆಣಸಿನಕಾಯಿ ಸುರಿಯುತ್ತಿದ್ದರು. ಘಾಟಿಗೆ ಸುತ್ತಲಿನವರೆಲ್ಲ ಸೀನುತ್ತಿದ್ದರು. ಆತನ ಹೊಟ್ಟೆ ಮಾತ್ರ ಒಂದೇ ಲಯದಲ್ಲಿ ಏರಿ ಇಳಿಯುತ್ತಿತ್ತು. ಚಪ್ಪಲಿಯ ಜೋಡಿಯೇ ತಲೆದಿಂಬು.

ಆ ದಿನಗಳಲ್ಲಿ ನಾನು ಇಂಗ್ಲಿಷಿನ ಒಂದು ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೆ. ಕಥೆಯ ನಾಯಕ ರೈಲು ತಪ್ಪಿಸಿಕೊಂಡು ನಿಲ್ದಾಣದ ಬೆಂಚಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಾನೆ. ಅವನ ಆ ಭಂಗಿಗೆ ಲೇಖಕ ಬಳಸಿದ ಪದ 'ಇನ್‌ಸೂಸಿಯನ್ಸ್'. ನಿಶ್ಚಿಂತೆ ಎಂದು ಬರೆದರೆ ಅವನು ಸಾಧುವಾಗಿಬಿಡುತ್ತಿದ್ದ. ನಿರ್ಲಕ್ಷ್ಯ ಎಂದರೆ ಅಪರಾಧಿಯಾಗುತ್ತಿದ್ದ. ಉಡಾಫೆ ಎಂದರೆ ಪಡ್ಡೆ ಹುಡುಗನಾಗುತ್ತಿದ್ದ. ಮೂರೂ ಅವನಲ್ಲಿ ಸ್ವಲ್ಪ ಸ್ವಲ್ಪ ಇದ್ದವು, ಯಾವುದೂ ಪೂರ್ತಿ ಇರಲಿಲ್ಲ. ಸಂತೆಯ ಆ ಮನುಷ್ಯನನ್ನು ಕಂಡಾಗ ಪದ ಸಿಕ್ಕೇಬಿಟ್ಟಿತು ಎನ್ನಿಸಿತ್ತು. ಆದರೆ ಮನೆಗೆ ಬಂದು ಬರೆಯಲು ಕೂತರೆ ಸಿಕ್ಕಿರಲಿಲ್ಲ. ಆ ಒಂದು ಪದದ ಬೆನ್ನು ಹತ್ತಿ ಓದುತ್ತ ಹೋದಂತೆ ಅದು ನಿಘಂಟಿನ ಸಮಸ್ಯೆಯಾಗಿ ಉಳಿಯಲಿಲ್ಲ. ಮನುಷ್ಯ ಚಿಂತೆಯನ್ನು ಕೆಳಗಿಡುವುದು ಗುಣವೋ ದೋಷವೋ ಎಂಬ ಹಳೆಯ ಪ್ರಶ್ನೆಯಾಗಿ ಬೆಳೆಯಿತು. ಈ ಲೇಖನ ಆ ಓದಿನ ಫಲ.

ಬೇರಿನಲ್ಲಿ ಅಲುಗಾಟ

ಫ್ರೆಂಚಿನಲ್ಲಿ 'ಸೂಸಿ' ಎಂದರೆ ಚಿಂತೆ. ಅದರಿಂದ ಹುಟ್ಟಿದ ಕ್ರಿಯಾಪದ ಚಿಂತಿಸುವುದನ್ನು, ಕಾಳಜಿ ವಹಿಸುವುದನ್ನು ಹೇಳುತ್ತದೆ. ಅದರ ಹಿಂದೆ 'ಇಲ್ಲ' ಎನ್ನುವ ಉಪಸರ್ಗ ಸೇರಿ 'ಇನ್‌ಸೂಸಿಯನ್ಸ್' ಆಯಿತು. ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷರು ಇದನ್ನು ಇದ್ದ ಹಾಗೆಯೇ ತಮ್ಮ ಭಾಷೆಗೆ ತೆಗೆದುಕೊಂಡರು.

ಸೂಸಿಯ ಬೇರು ಲ್ಯಾಟಿನ್ನಿನಲ್ಲಿದೆ. ಅಲ್ಲಿನ 'ಸೊಲ್ಲಿಸಿಟಾರೆ' ಎಂಬ ಕ್ರಿಯಾಪದ ಎರಡು ಮಾತು ಕೂಡಿ ಆದದ್ದು: ಒಂದಕ್ಕೆ 'ಇಡಿಯ' ಎಂದು ಅರ್ಥ, ಇನ್ನೊಂದಕ್ಕೆ 'ಚಲನೆಗೆ ಒಳಗಾದ' ಎಂದು. ಇಡೀ ಮೈಮನಸ್ಸು ಅಲುಗಾಡಿಹೋಗುವುದೇ ರೋಮನರ ಚಿಂತೆ. ನಮ್ಮ 'ತಳಮಳ', 'ಕಳವಳ' ಎಂಬ ಮಾತುಗಳನ್ನು ಬಾಯಿಬಿಟ್ಟು ಹೇಳಿನೋಡಿ, ನಾಲಿಗೆಯೇ ಕದಡಿದಂತಾಗುತ್ತದೆ. ಅದೇ ಲ್ಯಾಟಿನ್ ಬೇರಿನಿಂದ ಇನ್ನೊಂದು ಕವಲು ಒಡೆದು ನಮ್ಮ ಪತ್ರಿಕೆಗಳ ಮುಖಪುಟಕ್ಕೂ ಬಂದಿದೆ. ಸುಪ್ರೀಂ ಕೋರ್ಟಿನ ಸುದ್ದಿಯಲ್ಲಿ ಆಗಾಗ ಕಾಣುವ 'ಸಾಲಿಸಿಟರ್ ಜನರಲ್' ಎಂಬ ಹುದ್ದೆಯ ಹೆಸರು ಆ ಕವಲಿನದು. ಸಾಲಿಸಿಟರ್ ಎಂದರೆ ಇನ್ನೊಬ್ಬರ ವ್ಯವಹಾರದ ಚಿಂತೆಯನ್ನು ತನ್ನದಾಗಿಸಿಕೊಂಡು ಓಡಾಡುವವನು. ಚಿಂತೆಯನ್ನು ಇಳಿಸಿದವನ ಹೆಸರೂ ಹೊತ್ತವನ ಹೆಸರೂ ಒಂದೇ ಬೇರಿನಿಂದ ಬಂದಿವೆ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಇದರ ಕೆಲಸವಿದೆ.

ಫ್ರೆಂಚಿನಲ್ಲಿ ಸೂಸಿ ಎಂಬುದು ಒಂದು ಹೂವಿನ ಹೆಸರೂ ಹೌದು. ನಮ್ಮ ಚೆಂಡುಹೂವನ್ನು ಹೋಲುವ, ಕಿತ್ತಳೆ ಬಣ್ಣದ ಕ್ಯಾಲೆಂಡುಲಾ ಅದು. ಆ ಹೆಸರಿನ ಮೂಲ ಬೇರೆ. ಸೂರ್ಯನನ್ನು ಹಿಂಬಾಲಿಸುವುದು ಎಂಬ ಅರ್ಥದ ಲ್ಯಾಟಿನ್ ಪದ ಸವೆದು ಸವೆದು ಚಿಂತೆಯ ಉಚ್ಚಾರಕ್ಕೇ ಬಂದು ನಿಂತಿತು. ಹಾಗಾಗಿ ಫ್ರೆಂಚರ ತೋಟದಲ್ಲಿ ಚಿಂತೆ ಪ್ರತಿವರ್ಷ ಹೂ ಬಿಡುತ್ತದೆ.

ಮೂಲ ಭಾಷೆಯಲ್ಲಿ ಇನ್‌ಸೂಸಿಯನ್ಸ್‌ಗೆ ಮೃದುವಾದ ಒಂದು ಬಳಕೆ ಉಂಟು. ಬಾಲ್ಯದ ಇನ್‌ಸೂಸಿಯನ್ಸ್, ಯೌವನದ ಇನ್‌ಸೂಸಿಯನ್ಸ್ ಎನ್ನುವಾಗ ಅವರು ಬಯ್ಯುತ್ತಿರುವುದಿಲ್ಲ, ಕಳೆದುಹೋದದ್ದನ್ನು ನೆನೆದು ನಿಟ್ಟುಸಿರು ಬಿಡುತ್ತಿರುತ್ತಾರೆ. ಅದೇ ಪದ ಮಂತ್ರಿಗೋ ಚಾಲಕನಿಗೋ ಅಂಟಿದರೆ ಆರೋಪವಾಗುತ್ತದೆ. ಯಾರ ಬಗ್ಗೆ ಹೇಳುತ್ತಿದ್ದೇವೆ ಎಂಬುದರ ಮೇಲೆ ಪದದ ತೂಕ ಬದಲಾಗುತ್ತದೆ.

ಬಿಸಿ ತಟ್ಟದವರು

ಇನ್‌ಸೂಸಿಯನ್ಸ್‌ಗೆ ಒಡಹುಟ್ಟಿದ ಪದಗಳಿವೆ. ಅವುಗಳಲ್ಲಿ ಹಿರಿಯದು 'ನಾನ್‌ಶಲಾನ್ಸ್'. ಇಂಗ್ಲಿಷಿಗೆ ಇದು ಹದಿನೇಳನೇ ಶತಮಾನದಲ್ಲೇ ಬಂದಿತ್ತು. ಇದರ ಲ್ಯಾಟಿನ್ ಬೇರಿಗೆ ಬೆಚ್ಚಗಿರು, ಕಾವೇರು ಎಂಬ ಅರ್ಥ. ಊಟದ ಲೆಕ್ಕದಲ್ಲಿ ನಾವು ಹೇಳುವ ಕ್ಯಾಲೊರಿಯೂ ಅಲ್ಲಿಯದೇ. ಅಂದರೆ ನಾನ್‌ಶಲಾಂಟ್ ಆದವನು ಬಿಸಿ ತಟ್ಟದವನು. ಬೆಲೆ ಏರಿಕೆಯ ಬಿಸಿ ತಟ್ಟಿತು, ಮುಷ್ಕರದ ಬಿಸಿ ಸರ್ಕಾರಕ್ಕೆ ಮುಟ್ಟಿತು ಎಂದು ನಿತ್ಯ ಬರೆಯುವ ಕನ್ನಡಿಗರಿಗೆ ಈ ರೂಪಕವನ್ನು ಬಿಡಿಸಿ ಹೇಳಬೇಕಿಲ್ಲ. ಮೂರನೆಯದು 'ಸಾಂಗ್‌ಫ್ರಾ', ತಣ್ಣನೆಯ ರಕ್ತ: ಅಪಾಯದ ನಡುವೆಯೂ ಕೈ ನಡುಗದಿರುವುದು. ಇನ್‌ಸೂಸಿಯನ್ಸ್ ಉಳ್ಳವನಿಗೆ ಅಪಾಯ ಮನಸ್ಸಿಗೇ ಬಂದಿರುವುದಿಲ್ಲ. ನಾನ್‌ಶಲಾನ್ಸ್ ಉಳ್ಳವನು ಅದು ಕಂಡರೂ ಕಾಣದಂತೆ ಇರುತ್ತಾನೆ. ಸಾಂಗ್‌ಫ್ರಾ ಉಳ್ಳವನು ಅದನ್ನು ಸರಿಯಾಗಿ ನೋಡಿ, ಅಳೆದು, ಎದುರಿಗೆ ನಿಂತಿರುತ್ತಾನೆ. ಮೊದಲನೆಯದು ಮಗುವಿಗೆ, ಎರಡನೆಯದು ಶೋಕಿಲಾಲನಿಗೆ, ಮೂರನೆಯದು ಶಸ್ತ್ರವೈದ್ಯನಿಗೆ ಒಪ್ಪುತ್ತದೆ.

ಎರಡನೆಯದಕ್ಕೆ ಒಂದು ಶಾಸ್ತ್ರವೇ ಇದೆ. ಇಟಲಿಯ ಬಲ್ದಸಾರೆ ಕಾಸ್ತಿಲ್ಯೋನೆ 1528ರಲ್ಲಿ ವೆನಿಸ್ಸಿನಲ್ಲಿ ಪ್ರಕಟಿಸಿದ 'ಆಸ್ಥಾನಿಕ' ಎಂಬ ಗ್ರಂಥದಲ್ಲಿ 'ಸ್ಪ್ರೆತ್ಸತೂರ' ಎಂಬ ಮಾತನ್ನು ಬಳಕೆಗೆ ತಂದ. ಕತ್ತಿವರಸೆಯಿರಲಿ, ಕುಣಿತವಿರಲಿ, ಮಾತುಗಾರಿಕೆಯಿರಲಿ, ಪಟ್ಟ ಶ್ರಮವೆಲ್ಲ ಮರೆಯಾಗಿ, ಇದೇನೂ ನನಗೆ ದೊಡ್ಡದಲ್ಲ ಎಂಬಂತೆ ಕಾಣಬೇಕು ಎಂಬುದು ಅವನ ಪಾಠ. ಯುರೋಪಿನ ಆಸ್ಥಾನಗಳು ಈ ಪಾಠವನ್ನು ಕಂಠಪಾಠ ಮಾಡಿದವು. ಇಲ್ಲಿ ಚಿಂತೆಯಿಲ್ಲದಿರುವುದು ಸ್ವಭಾವವಾಗಿ ಉಳಿಯದೆ ವೇಷವಾಯಿತು, ಕುಲೀನರನ್ನು ಗುರುತಿಸುವ ಚಿಹ್ನೆಯಾಯಿತು. ಬೆವರು ಒರೆಸಿಕೊಳ್ಳುವುದು ಬಡವರ ಲಕ್ಷಣ ಎಂದಾಯಿತು.

ಫ್ರಾನ್ಸಿನ ಮಿಶೆಲ್ ದ ಮೊಂತೇನ್‌ನ ಬಳಕೆ ಇದಕ್ಕಿಂತ ಆಳವಾದದ್ದು. 1580ರಲ್ಲಿ ಮೊದಲು ಪ್ರಕಟವಾದ ತನ್ನ ಪ್ರಬಂಧಗಳಲ್ಲಿ ಸಾವಿನ ಬಗ್ಗೆ ಬರೆಯುತ್ತ, ತಾನು ತೋಟದಲ್ಲಿ ಎಲೆಕೋಸು ನೆಡುತ್ತಿರುವಾಗಲೇ ಅದು ಬರಲಿ, ಬಂದದ್ದನ್ನು ಲೆಕ್ಕಿಸದಂತೆ ತಾನಿರಬೇಕು ಎಂಬ ಆಸೆಯನ್ನು ಹೇಳಿಕೊಂಡ. ಅಲ್ಲಿ ಅವನು ಆರಿಸಿಕೊಂಡ ವಿಶೇಷಣ ನಾನ್‌ಶಲಾಂಟ್. ತೋಟದ ಕೆಲಸ ಮುಗಿಯದೆ ಉಳಿದರೂ ಚಿಂತೆಯಿಲ್ಲವಂತೆ. ಫ್ರಾನ್ಸಿನಲ್ಲಿ ಧರ್ಮಯುದ್ಧಗಳು ಹೊತ್ತಿ ಉರಿಯುತ್ತಿದ್ದ ಕಾಲವದು. ಹಾಗಿರುವಾಗ ಸಾವಿಗೆ ಬೆನ್ನು ತಿರುಗಿಸಿ ಸಸಿ ನೆಡುವ ಮನುಷ್ಯನ ಚಿತ್ರ ಗೌರವ ಹುಟ್ಟಿಸುತ್ತದೆ. ಆದರೆ ಇದೇ ಮೊಂತೇನ್ ಬೋರ್ದೋ ನಗರದ ಮೇಯರ್ ಆಗಿದ್ದ. 1585ರಲ್ಲಿ ಅವಧಿ ಮುಗಿಯುವ ಹೊತ್ತಿಗೆ ನಗರಕ್ಕೆ ಪ್ಲೇಗು ಬಡಿಯಿತು. ಆಗ ಅವನು ಒಳಗೆ ಬರದೆ ಹೊರಗೇ ಉಳಿದ. ಆ ನಡೆಯನ್ನು ಸಮರ್ಥಿಸಿದವರೂ ಇದ್ದಾರೆ, ಟೀಕಿಸಿದವರೂ ಇದ್ದಾರೆ. ನನಗೆ ಕಾಣುವುದಿಷ್ಟು: ಎಲೆಕೋಸಿನ ಸಾಲಿನಲ್ಲಿ ಅವನು ಬಿಟ್ಟುಕೊಟ್ಟದ್ದು ತನ್ನ ಸಾವಿನ ಚಿಂತೆಯನ್ನು, ಅದು ಯಾರ ತಲೆಗೂ ಕಟ್ಟುವಂಥದ್ದಲ್ಲ. ಬೋರ್ದೋ ನಗರದ ಚಿಂತೆ ಬೇರೆ ರೀತಿಯದು. ಮೇಯರ್ ಕೆಳಗಿಟ್ಟರೆ ಅದನ್ನು ಇನ್ನೊಬ್ಬರು ಎತ್ತಿಕೊಳ್ಳಲೇಬೇಕು.

ಚಿಂತೆಯಿಲ್ಲ ಎಂಬ ಹೆಸರಿನ ಎರಡು ಅರಮನೆಗಳು

ನಮ್ಮ ಬಡಾವಣೆಗಳಲ್ಲಿ ನಡೆಯುತ್ತ ಹೋದರೆ 'ನೆಮ್ಮದಿ', 'ನಿಶ್ಚಿಂತ' ಎಂಬ ಹೆಸರಿನ ಮನೆಗಳು ಕಾಣುತ್ತವೆ. ಸಾಲ ತೀರಿಸುತ್ತಲೇ ಕಟ್ಟಿದ ಮನೆಗೆ ಈ ಹೆಸರಿಡುವುದರಲ್ಲಿ ಒಂದು ಹರಕೆ ಇರುತ್ತದೆ. ಯುರೋಪಿನ ರಾಜನೊಬ್ಬನೂ ಇದೇ ಹರಕೆ ಹೊತ್ತಿದ್ದ. ಪ್ರಷ್ಯಾದ ಎರಡನೇ ಫ್ರೆಡರಿಕ್ ಬರ್ಲಿನ್ ಸಮೀಪದ ಪಾಟ್ಸ್‌ಡ್ಯಾಮಿನಲ್ಲಿ 1745ರಿಂದ 1747ರ ನಡುವೆ ಬೇಸಿಗೆ ಅರಮನೆ ಕಟ್ಟಿಸಿ ಅದಕ್ಕೆ 'ಸಾಂಸೂಸಿ' ಎಂದು ಹೆಸರಿಟ್ಟ. 'ಸಾಂ' ಎಂದರೆ ಇಲ್ಲದ, 'ಸೂಸಿ' ನಮಗೀಗ ಪರಿಚಿತ. ದ್ರಾಕ್ಷಿ ಬಳ್ಳಿಗಳ ಮೆಟ್ಟಿಲು ತೋಟದ ತುದಿಯಲ್ಲಿ, ಒಂದೇ ಅಂತಸ್ತಿನ, ತಿಳಿಹಳದಿ ಬಣ್ಣದ ಕಟ್ಟಡ. ಮುಂಭಾಗದ ಬರಹದಲ್ಲಿ ಎರಡು ಪದಗಳ ನಡುವೆ ಒಂದು ಅಲ್ಪವಿರಾಮವಿದೆ. ಅದು ಏಕೆ ಬಂತು ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ.

ಫ್ರೆಡರಿಕ್ ತನ್ನನ್ನು ಸಾಂಸೂಸಿಯ ತತ್ತ್ವಜ್ಞಾನಿ ಎಂದು ಕರೆದುಕೊಂಡ. ಕೊಳಲು ನುಡಿಸಿದ, ಫ್ರೆಂಚಿನಲ್ಲಿ ಬರೆದ, 1750ರಲ್ಲಿ ವೋಲ್ತೇರ್‌ನನ್ನು ಕರೆಸಿಕೊಂಡ. ಆದರೂ ಅವನ ಆಳ್ವಿಕೆ ಸೈಲೀಷಿಯಾದ ಯುದ್ಧದಿಂದ ಶುರುವಾದದ್ದು. 1756ರಿಂದ 1763ರವರೆಗಿನ ಏಳು ವರ್ಷಗಳ ಯುದ್ಧದಲ್ಲಿ ದೇಶ ಬಸವಳಿಯಿತು. ಅವನ ಕೊನೆಯ ಆಸೆ ಚಿಕ್ಕದು: ತನ್ನನ್ನು ಆ ತೋಟದ ಮೇಲ್ದಂಡೆಯಲ್ಲಿ, ಸಾಕಿದ ಬೇಟೆನಾಯಿಗಳ ಪಕ್ಕದಲ್ಲಿ ಹೂಳಬೇಕು. 1786ರ ಆಗಸ್ಟ್ 17ರಂದು ಅಲ್ಲೇ ಸತ್ತರೂ ಆ ಆಸೆ ಈಡೇರಲಿಲ್ಲ. 205 ವರ್ಷಗಳ ನಂತರ, 1991ರ ಅದೇ ದಿನಾಂಕದಂದು ಅವನ ದೇಹವನ್ನು ತಂದು ಅಲ್ಲಿ ಮಣ್ಣು ಮಾಡಿದರು. ಜರ್ಮನಿಯಲ್ಲಿ ಆಲೂಗಡ್ಡೆ ಬೆಳೆಯನ್ನು ಪ್ರೋತ್ಸಾಹಿಸಿದವನೆಂದು ನೆನೆದು ಜನ ಇಂದಿಗೂ ಆ ಚಪ್ಪಡಿಯ ಮೇಲೆ ಆಲೂಗಡ್ಡೆ ಇಟ್ಟು ಹೋಗುತ್ತಾರೆ.

ಎರಡನೆಯ ಅರಮನೆ ಅಟ್ಲಾಂಟಿಕ್ ಆಚೆ, ಹೈಟಿಯ ಮಿಲೋ ಎಂಬ ಊರಿನಲ್ಲಿದೆ. ಗುಲಾಮರು ದಂಗೆಯೆದ್ದು ಫ್ರೆಂಚರನ್ನು ಸೋಲಿಸಿ 1804ರಲ್ಲಿ ಸ್ವತಂತ್ರಗೊಳಿಸಿಕೊಂಡ ದೇಶ ಹೈಟಿ. ಆ ಹೋರಾಟದ ಸೇನಾನಿಗಳಲ್ಲಿ ಒಬ್ಬನಾದ ಆಂರಿ ಕ್ರಿಸ್ತೋಫ್ 1811ರಲ್ಲಿ ಉತ್ತರ ಭಾಗಕ್ಕೆ ರಾಜನಾದ. ಅವನು ಕಟ್ಟಿಸಿದ ಅರಮನೆಯ ಹೆಸರೂ ಸಾಂಸೂಸಿ. ಪಾಟ್ಸ್‌ಡ್ಯಾಮ್‌ನಿಂದ ಈ ಹೆಸರು ಬಂದಿರಬೇಕೆಂದು ಹಲವರು ಬರೆದಿದ್ದಾರೆ. ಹೈಟಿಯ ಮಾನವಶಾಸ್ತ್ರಜ್ಞ ಮಿಶೆಲ್-ರೋಲ್ಫ್ ತ್ರುಯ್ಯೋ 1995ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಇನ್ನೊಂದು ಸಂಗತಿಯನ್ನು ಬೆಳಕಿಗೆ ತಂದರು. ಸಾಂಸೂಸಿ ಎಂಬುದು ಒಬ್ಬ ಮನುಷ್ಯನ ಹೆಸರೂ ಆಗಿತ್ತು. ಜಾನ್-ಬತೀಸ್ತ್ ಸಾಂಸೂಸಿ, ಆಫ್ರಿಕಾದಲ್ಲಿ ಹುಟ್ಟಿ ಗುಲಾಮನಾಗಿ ಬಂದು ದಂಗೆಯ ಕರ್ನಲ್ ಆದವನು. ಬೇರೆ ನಾಯಕರು ಫ್ರೆಂಚರ ಜೊತೆ ರಾಜಿಯಾದಾಗಲೂ ಕಾಡಿನಿಂದ ಹೋರಾಟ ಮುಂದುವರಿಸಿದವನು. ಮಾತುಕತೆಗೆಂದು ಕರೆಸಿಕೊಂಡು ಅವನನ್ನು ಕೊಲ್ಲಿಸಿದವನು ಕ್ರಿಸ್ತೋಫ್. ಅರಮನೆ ಎದ್ದದ್ದು ಆ ಕೊಲೆ ನಡೆದ ಜಾಗದ ಸಮೀಪದಲ್ಲೇ.

ಜನರನ್ನು ಬಲವಂತವಾಗಿ ದುಡಿಸಿ ಅರಮನೆಯನ್ನೂ ಅದರ ಮೇಲಿನ ಬೆಟ್ಟದ ಕೋಟೆಯನ್ನೂ ಕಟ್ಟಿಸಲಾಯಿತು. 1820ರ ಅಕ್ಟೋಬರಿನಲ್ಲಿ ಸೈನ್ಯವೇ ತಿರುಗಿಬಿದ್ದಾಗ ಕಾಯಿಲೆಯಿಂದ ನೆಲಹಿಡಿದಿದ್ದ ರಾಜ 'ಚಿಂತೆಯಿಲ್ಲ' ಎಂಬ ಹೆಸರಿನ ಮನೆಯೊಳಗೆ ತನ್ನ ಎದೆಗೆ ತಾನೇ ಗುಂಡು ಹಾರಿಸಿಕೊಂಡ. 1842ರ ಭೂಕಂಪದಲ್ಲಿ ಅರಮನೆ ಕುಸಿಯಿತು. ಚಾವಣಿಯಿಲ್ಲದ ಗೋಡೆಗಳು, ಎರಡು ಕಡೆಯಿಂದ ಏರಿ ಬರುವ ಮೆಟ್ಟಿಲು ಉಳಿದಿವೆ. 1982ರಿಂದ ವಿಶ್ವ ಪರಂಪರೆಯ ತಾಣ. ಕ್ರಿಸ್ತೋಫ್ ತನ್ನ ಚಿಂತೆಗಳನ್ನು ಇಳಿಸಲು ಮನೆ ಕಟ್ಟಿದ. ಆ ಮನೆಯ ಕಲ್ಲುಗಳನ್ನು ಹೊತ್ತವರು ಬೇರೆಯವರು.

ನಾನು ಆಗ ಗಮನಿಸದೆ ಬಿಟ್ಟದ್ದು

ಹೈಟಿಯ ಈ ಕಥೆ ಓದಿದ ರಾತ್ರಿ ನನಗೆ ಸಂತೆಯ ಚಿತ್ರ ಮತ್ತೆ ಕಣ್ಮುಂದೆ ಬಂತು. ಈ ಸಲ ಅದರ ಅಂಚಿನಲ್ಲಿದ್ದದ್ದು ಕಾಣಿಸಿತು. ಮಲಗಿದವನ ಮುಂದೆ, ಈರುಳ್ಳಿ ರಾಶಿಯ ಈಚೆ, ಒಬ್ಬ ಹೆಂಗಸು ಕುಕ್ಕರಗಾಲಿನಲ್ಲಿ ಕೂತಿದ್ದಳು. ತಕ್ಕಡಿ ಅವಳ ಕೈಯಲ್ಲಿತ್ತು. ತೂಗುತ್ತಿದ್ದಳು, ಚಿಲ್ಲರೆ ಎಣಿಸುತ್ತಿದ್ದಳು, ಕೊಳೆತದ್ದನ್ನು ಆರಿಸಿ ಪಕ್ಕಕ್ಕೆ ಎಸೆಯುತ್ತಿದ್ದಳು, ರಾಶಿಗೆ ಬಾಯಿ ಹಾಕಲು ಬಂದ ಆಡನ್ನು ಅದೇ ಕೈಯಲ್ಲಿ ಓಡಿಸುತ್ತಿದ್ದಳು. ಅವಳು ಎಚ್ಚರವಿದ್ದದ್ದರಿಂದ ಅವನು ಮಲಗಿದ್ದ. ಗಾದೆ ಅವನ ಬಗ್ಗೆ ಹೇಳಿದೆ, ಅವಳನ್ನು ಬಿಟ್ಟಿದೆ. ನಾನೂ ಬಿಟ್ಟಿದ್ದೆ.

ಅಂದಿನಿಂದ ಇನ್‌ಸೂಸಿಯನ್ಸ್ ಎಂಬ ಪದ ಎಲ್ಲೇ ಎದುರಾದರೂ ಒಂದು ಪ್ರಶ್ನೆ ಕೇಳಿಕೊಳ್ಳುವುದು ರೂಢಿಯಾಗಿದೆ: ಇಲ್ಲಿ ಇಳಿಸಿಟ್ಟ ಚಿಂತೆ ಯಾರ ಹೆಗಲಿಗೆ ಹೋಯಿತು? ಸಾಹಿತ್ಯದಲ್ಲೂ ಆಟದಲ್ಲೂ ಈ ಪ್ರಶ್ನೆ ಇಟ್ಟು ನೋಡಿದರೆ ಹಲವು ಸಂಗತಿಗಳು ತಿಳಿಯಾಗುತ್ತವೆ.

1954ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಫ್ರಾನ್ಸ್ವಾಜ್ ಸಗಾನ್ ಪ್ರಕಟಿಸಿದ 'ಬೋಂಜೂರ್ ತ್ರಿಸ್ತೆಸ್' ಕಾದಂಬರಿಯನ್ನು ತೆಗೆದುಕೊಳ್ಳಿ. ಹದಿನೇಳರ ಸೆಸೀಲ್, ಅವಳ ವಿಧುರ ತಂದೆ, ಮೆಡಿಟರೇನಿಯನ್ ಕಡಲ ದಂಡೆ, ಬೇಸಿಗೆ ರಜೆ. ಓದು ಬೇಡ, ನಾಳೆ ಬೇಡ, ಬಿಸಿಲು ಸಾಕು. ಫ್ರೆಂಚರು ಇನ್‌ಸೂಸಿಯನ್ಸ್ ಎಂದರೆ ಇಂದಿಗೂ ನೆನೆಯುವ ಪುಸ್ತಕವಿದು. ಆ ಮನೆಗೆ ಶಿಸ್ತನ್ನೂ ಕಾಳಜಿಯನ್ನೂ ತರುವ ಆನ್ ಎಂಬ ಹೆಂಗಸು ತಂದೆಯನ್ನು ಮದುವೆಯಾಗಲು ಹೊರಟಾಗ ಸೆಸೀಲ್ ಸಂಚು ಹೂಡುತ್ತಾಳೆ. ಮನಸ್ಸು ಮುರಿದ ಆನ್ ಕಾರು ಹತ್ತಿ ಹೋಗಿ ಕಡಿದಾದ ದಾರಿಯಲ್ಲಿ ಸಾಯುತ್ತಾಳೆ. ತಂದೆಮಗಳು ಮತ್ತೆ ಹಳೆಯ ಬದುಕಿಗೇ ಮರಳುತ್ತಾರೆ, ಆದರೆ ಅದರೊಳಗೆ ದುಃಖವೊಂದು ಬಂದು ಕೂತಿರುತ್ತದೆ. ಹದಿನೆಂಟರ ಹುಡುಗಿ ಇಷ್ಟು ನಿಷ್ಠುರವಾಗಿ ಲೆಕ್ಕ ಒಪ್ಪಿಸಿದ್ದಾಳಲ್ಲ ಎಂದು ಪ್ರತಿ ಓದಿನಲ್ಲೂ ನನಗೆ ಬೆರಗು.

ಇಂಗ್ಲಿಷಿನಲ್ಲಿ ಡಿ.ಎಚ್. ಲಾರೆನ್ಸ್ 1928ರಲ್ಲಿ ಈ ಪದವನ್ನೇ ಶೀರ್ಷಿಕೆಯಾಗಿಸಿ ಒಂದು ಕಿರುಪ್ರಬಂಧ ಬರೆದ. ಸ್ವಿಟ್ಜರ್ಲೆಂಡಿನ ಹೋಟೆಲಿನ ಬಾಲ್ಕನಿಯಲ್ಲಿ ಕೂತು ಅವನು ಕೆಳಗೆ ಇಬ್ಬರು ಕುಡುಗೋಲಿನಿಂದ ಹುಲ್ಲು ಕೊಯ್ಯುವುದನ್ನು ನೋಡುತ್ತಿರುತ್ತಾನೆ. ಪಕ್ಕದ ಬಾಲ್ಕನಿಯ ಬಿಳಿಗೂದಲಿನ ಇಂಗ್ಲಿಷ್ ಮಹಿಳೆ ಮಾತಿಗೆ ಎಳೆದು ಮುಸೊಲಿನಿ, ಇಟಲಿ ಎಂದು ಶುರು ಮಾಡುತ್ತಾಳೆ. ದೂರದ, ಅಮೂರ್ತ ಸಂಗತಿಗಳ ಚಿಂತೆಯಲ್ಲಿ ಜನ ಕಣ್ಣೆದುರಿನ ಲೋಕವನ್ನೇ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಅವನ ವಾದ. ಹುಲ್ಲಿನ ವಾಸನೆ, ಕುಡುಗೋಲಿನ ಸದ್ದು, ಇವಕ್ಕೆ ಮೈಯೊಡ್ಡುವ ನಿರಾಳವೇ ಅವನು ಹೇಳುವ ಇನ್‌ಸೂಸಿಯನ್ಸ್. ಎದ್ದ ಕ್ಷಣದಿಂದ ಮಲಗುವವರೆಗೆ ಮೊಬೈಲಿನಲ್ಲಿ ಲೋಕದ ಸಂಕಟಗಳನ್ನು ಸರಿಸುತ್ತ ಕೂರುವ ನಮ್ಮ ಕಾಲಕ್ಕೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಆದರೂ ಪೂರ್ತಿ ಒಪ್ಪಲಾರೆ. ಮುಸೊಲಿನಿಯ ಬಗ್ಗೆ ಆ ವೃದ್ಧೆ ಕಳವಳಪಟ್ಟದ್ದು ಸರಿಯಾಗಿತ್ತೆಂದು ಮುಂದಿನ ಹದಿನೈದು ವರ್ಷ ತೋರಿಸಿತು. ಮತ್ತು ಲಾರೆನ್ಸ್ ಸವಿಯುತ್ತಿದ್ದ ಕುಡುಗೋಲಿನ ಲಯದ ಹಿಂದೆ ಇಬ್ಬರ ಬೆನ್ನುನೋವಿತ್ತು.

ಇತಿಹಾಸದಲ್ಲಿ ಈ ಆರೋಪ ತಪ್ಪಾಗಿ ಅಂಟಿಕೊಂಡದ್ದೂ ಉಂಟು. ಬಾಸ್ತಿಲ್ ಕೋಟೆ ಜನರ ಕೈಗೆ ಬಿದ್ದ 1789ರ ಜುಲೈ 14ರಂದು ಹದಿನಾರನೇ ಲೂಯಿ ತನ್ನ ದಿನಚರಿಯಲ್ಲಿ 'ಏನೂ ಇಲ್ಲ' ಎಂಬರ್ಥದ ಒಂದೇ ಪದ ಬರೆದಿದ್ದ. ರಾಜನ ಉದಾಸೀನಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ ಎಂದು ಶಾಲೆಯ ಪಾಠಗಳಿಂದ ಭಾಷಣಗಳವರೆಗೆ ಉದಾಹರಿಸುತ್ತಾರೆ. ಆದರೆ ಅದು ಮುಖ್ಯವಾಗಿ ಬೇಟೆಯ ಲೆಕ್ಕದ ಪುಸ್ತಕ. ಅಂದು ಬೇಟೆಯಿಲ್ಲ ಎಂಬುದಷ್ಟೇ ಅದರ ಅರ್ಥ. ಲೂಯಿಗೆ ಹೊರಿಸಬಹುದಾದ ತಪ್ಪುಗಳು ಸಾಕಷ್ಟಿವೆ, ಈ ಒಂದು ಪದವನ್ನು ಹೊರಿಸಬೇಕಿಲ್ಲ.

ಇನ್ನು ಆಟದ ಅಂಗಳ. ಕ್ರಿಕೆಟ್ ಬರಹಗಾರರಿಗೆ ಇನ್‌ಸೂಸಿಯನ್ಸ್ ಬಹಳ ಪ್ರಿಯವಾದ ಪದ. ವೀರೇಂದ್ರ ಸೆಹ್ವಾಗ್ ಅವರ ಆಟಕ್ಕೆ ಅದು ಹೇಳಿ ಮಾಡಿಸಿದಂತಿತ್ತು. 2003ರ ಡಿಸೆಂಬರ್ 26ರಂದು ಮೆಲ್ಬರ್ನಿನಲ್ಲಿ 195 ರನ್ನಿಗೆ ಮುಟ್ಟಿದ್ದ ಅವರು ಸೈಮನ್ ಕ್ಯಾಟಿಚ್ ಎಸೆತವನ್ನು ಸಿಕ್ಸರ್‌ಗೆ ಅಟ್ಟಲು ಹೋಗಿ ಕ್ಯಾಚಿತ್ತರು. ಭಾರತ 366ಕ್ಕೆ ಆಲೌಟ್ ಆಯಿತು, ಪಂದ್ಯವನ್ನು 9 ವಿಕೆಟ್‌ಗಳಿಂದ ಸೋತಿತು. ಹೊಣೆಯಿಲ್ಲದ ಹೊಡೆತ ಎಂಬ ಟೀಕೆ ಕೇಳಿಬಂತು. ಮೂರು ತಿಂಗಳು ಕಳೆದು ಮುಲ್ತಾನಿನಲ್ಲಿ 295ರಲ್ಲಿದ್ದಾಗ ಸಕ್ಲೇನ್ ಮುಷ್ತಾಕ್ ಎಸೆತಕ್ಕೆ ಅದೇ ಸಿಕ್ಸರ್ ಎತ್ತಿದರು, ಈ ಸಲ ಚೆಂಡು ಗಡಿ ದಾಟಿತು. ಟೆಸ್ಟಿನಲ್ಲಿ ಭಾರತೀಯನೊಬ್ಬನ ಮೊದಲ ತ್ರಿಶತಕ ದಾಖಲಾಯಿತು. ಮನಸ್ಸು ಒಂದೇ, ಹೊಡೆತವೂ ಒಂದೇ. ಒಮ್ಮೆ ಬೈಗುಳ, ಒಮ್ಮೆ ಜಯಕಾರ. ಫಲಿತಾಂಶ ನೋಡಿ ಪದ ಬದಲಿಸುವುದು ನಮ್ಮ ಅಭ್ಯಾಸ. ಆದರೆ ಮುಲ್ತಾನಿನ ಅಂಕಪಟ್ಟಿಯನ್ನು ಪೂರ್ತಿ ಓದಬೇಕು. ಇನ್ನೊಂದು ತುದಿಯಲ್ಲಿ ಸಚಿನ್ ತೆಂಡೂಲ್ಕರ್ ನಿಂತು 336 ರನ್ನುಗಳ ಜೊತೆಯಾಟ ಕೊಟ್ಟು 194ಕ್ಕೆ ಅಜೇಯರಾಗಿ ಉಳಿದರು. ನಾಯಕತ್ವದ ಭಾರ ನಮ್ಮ ರಾಹುಲ್ ದ್ರಾವಿಡ್ ಅವರ ಮೇಲಿತ್ತು. ಎರಡನೇ ಇನಿಂಗ್ಸ್‌ನಲ್ಲಿ ಅನಿಲ್ ಕುಂಬ್ಳೆ 6 ವಿಕೆಟ್ ಕಿತ್ತು ಪಂದ್ಯ ಗೆಲ್ಲಿಸಿಕೊಟ್ಟರು. ಸೆಹ್ವಾಗ್ ಅವರ ನಿರಾಳ ಅವರದೇ ಪ್ರತಿಭೆ, ಅದರಲ್ಲಿ ಅನುಮಾನವಿಲ್ಲ. ಅದು ಅರಳಲು ಬೇಕಾದ ಅಂಗಳವನ್ನು ಮಾತ್ರ ಬೇರೆಯವರೂ ಕಾದಿದ್ದರು.

ಕನ್ನಡದ ಕಣಜದಲ್ಲಿ

ಇಷ್ಟಾದ ಮೇಲೆ ನನ್ನ ಅನುವಾದದ ಸಮಸ್ಯೆಗೆ ಮರಳುತ್ತೇನೆ. ಕನ್ನಡದಲ್ಲಿ ಇದಕ್ಕೆ ಪದವಿಲ್ಲ ಎಂದು ದೂರುವವರಿಗೆ ನಾನು ಹೇಳುವುದು, ಒಂದಲ್ಲ, ಹನ್ನೆರಡಿವೆ. ನಿಶ್ಚಿಂತೆ, ನಿರಾಳ, ನಿರುಮ್ಮಳ, ನಿರ್ಲಿಪ್ತಿ, ಉದಾಸೀನ, ಉಪೇಕ್ಷೆ, ಅಸಡ್ಡೆ, ತಾತ್ಸಾರ, ನಿರ್ಲಕ್ಷ್ಯ, ಉಡಾಫೆ, ಬೇಫಿಕೀರು, ಇತ್ತೀಚೆಗೆ ಮುಂಬಯಿ ಕಡೆಯಿಂದ ಬಂದ ಬಿಂದಾಸ್. ಗೌರವದಿಂದ ಬೈಗುಳದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸಾಲು ಇದು.

ಈ ಸಾಲಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಪದಗಳು ಎರಡು. ಮೊದಲನೆಯದು ಉಪೇಕ್ಷೆ. ಬೌದ್ಧರಲ್ಲಿ ಇದು ಮೈತ್ರಿ, ಕರುಣೆ, ಮುದಿತೆಗಳ ಜೊತೆ ನಾಲ್ಕನೆಯ ಬ್ರಹ್ಮವಿಹಾರ. ಪತಂಜಲಿಯ ಯೋಗಸೂತ್ರದಲ್ಲೂ ಅದೇ ನಾಲ್ಕರ ಗುಂಪಿನಲ್ಲಿ ಬರುತ್ತದೆ. ಬಳಿಯಿಂದ ನೋಡುವುದು ಎಂಬುದು ಆ ಪದದ ಮೂಲ ಎಳೆ. ಅಂದರೆ ಕಣ್ಣು ಮುಚ್ಚದೆ, ಆದರೆ ತಲ್ಲಣಿಸದೆ ಇರುವ ಸಮಚಿತ್ತ. ಇಂದಿನ ಕನ್ನಡದಲ್ಲಿ ಉಪೇಕ್ಷೆ ಎಂದರೆ ನೋಡದೆ ಬಿಡುವುದು. ಎರಡನೆಯದು ಉದಾಸೀನ. ಮೇಲೆ, ಪಕ್ಷಗಳಿಂದಾಚೆ ಕುಳಿತವನು ಎಂಬ ಚಿತ್ರ ಅದರೊಳಗಿದೆ. ಭಗವದ್ಗೀತೆಯ ಹನ್ನೆರಡನೆಯ ಅಧ್ಯಾಯ ಪ್ರಿಯ ಭಕ್ತನ ಲಕ್ಷಣಗಳನ್ನು ಹೇಳುವಾಗ ಉದಾಸೀನನನ್ನು ದಕ್ಷನ ಪಕ್ಕದಲ್ಲೇ ಇಟ್ಟಿದೆ. ಕೆಲಸದಲ್ಲಿ ಸಮರ್ಥ, ಮನಸ್ಸಿನಲ್ಲಿ ನಿರಾಳ, ಎರಡೂ ಒಬ್ಬನಲ್ಲೇ. ನಮ್ಮ ಅಮ್ಮಂದಿರು ಬಳಸುವ ಉದಾಸೀನದಲ್ಲಿ ದಕ್ಷತೆ ಉದುರಿಹೋಗಿ ಸೋಮಾರಿತನ ಉಳಿದಿದೆ. ಅಸಡ್ಡೆಯ ಕಥೆ ಇನ್ನೂ ನೇರ: ಅಶ್ರದ್ಧೆಯ ತದ್ಭವ ಅದು.

ಎತ್ತರದಲ್ಲಿದ್ದ ಪದಗಳು ಹೀಗೆ ಕೆಳಗೆ ಜಾರಿದ್ದೇಕೆ? ನನಗನ್ನಿಸುವಂತೆ, ಆ ಗುಣವನ್ನು ಸಾಧಿಸಿದವರಿಗಿಂತ ಅದರ ಹೆಸರು ಹೇಳಿಕೊಂಡು ಜಾರಿಕೊಂಡವರು ಹೆಚ್ಚಿದ್ದರು. ಅವರ ಪಾಲಿನ ಕೆಲಸ ಮಾಡಿ ಸಾಕಾದವರ ಬಾಯಲ್ಲಿ ಪದದ ಅರ್ಥ ಬದಲಾಯಿತು. ನಿಘಂಟಿನಲ್ಲಿ ನಾವು ಓದುವ ಅರ್ಥಪಲ್ಲಟದ ಹಿಂದೆ ಎಷ್ಟೋ ಅಡುಗೆಮನೆಗಳ, ಹೊಲಗಳ ದಣಿವಿದೆ.

ನಿತ್ಯದ ಮಾತಿನಲ್ಲಿ ನಾವೆಲ್ಲ ಇನ್‌ಸೂಸಿಯನ್ಸ್ ಅನ್ನು ದಿನಕ್ಕೆ ಹತ್ತಾರು ಸಲ ಆಡುತ್ತೇವೆ, ಗೊತ್ತಿಲ್ಲದೆ. ಯಾರಾದರೂ ಕಾಲು ತುಳಿದು ಕ್ಷಮೆ ಕೇಳಿದರೆ 'ಪರವಾಗಿಲ್ಲ' ಎನ್ನುತ್ತೇವಲ್ಲ, ಅದರೊಳಗಿನ 'ಪರವಾ' ಫಾರಸಿಯಿಂದ ಬಂದದ್ದು, ಚಿಂತೆ, ಕಾಳಜಿ ಎಂದು ಅರ್ಥ. ಪರವಾ ಇಲ್ಲ, ಅಕ್ಷರಶಃ ಸಾಂಸೂಸಿ. ಫ್ರೆಂಚರೂ ಈಚಿನ ದಶಕಗಳಲ್ಲಿ ಇದೇ ಸಂದರ್ಭಕ್ಕೆ 'ಪಾ ದ ಸೂಸಿ' ಎನ್ನತೊಡಗಿದ್ದಾರೆ. ಅಲ್ಲಿನ ಭಾಷಾ ಅಕಾಡೆಮಿ ಆ ಬಳಕೆಯನ್ನು ಒಪ್ಪಿಲ್ಲ, ಜನ ಬಿಟ್ಟಿಲ್ಲ. ನಮ್ಮ ಪರವಾಗಿಲ್ಲದಲ್ಲಿ ಒಂದು ಸೌಜನ್ಯವಿದೆ. ನಿನ್ನಿಂದ ನನಗಾದ ನೋವಿನ ಚಿಂತೆ ನಿನಗೆ ಬೇಡ, ಅದನ್ನು ನಾನೇ ಇಟ್ಟುಕೊಳ್ಳುತ್ತೇನೆ ಎನ್ನುವ ಮಾತು ಅದು. ಬೇರೆಯವರ ಹೊರೆಯನ್ನು ಇಳಿಸುವ ಇನ್‌ಸೂಸಿಯನ್ಸ್ ಎಂದು ಒಂದಿದ್ದರೆ ಅದಕ್ಕೆ ಕನ್ನಡದಲ್ಲಿ ಇದೇ ಹೆಸರು.

ಹಾಗಾದರೆ ಅನುವಾದಕರು ಏನು ಮಾಡಬೇಕು? ಒಂದೇ ಪದವನ್ನು ಎಲ್ಲ ಕಡೆ ಹೊಂದಿಸುವ ಆಸೆ ಬಿಡಬೇಕು. ಮಗುವಿನ ಬಗ್ಗೆಯಾದರೆ ನಿಶ್ಚಿಂತೆ, ಭಂಗಿಯ ಬಗ್ಗೆಯಾದರೆ ನಿರಾಳ, ಪ್ರದರ್ಶನಕ್ಕೆಂದು ತೊಟ್ಟದ್ದಾದರೆ ಬೇಫಿಕೀರು, ಇನ್ನೊಬ್ಬರಿಗೆ ಪೆಟ್ಟಾಗುವಂತಿದ್ದರೆ ಅಸಡ್ಡೆ ಅಥವಾ ಉಡಾಫೆ. ಆರಿಸುವ ಮುನ್ನ ಆ ವಾಕ್ಯದ ಸುತ್ತ ಒಮ್ಮೆ ಕಣ್ಣಾಡಿಸಿ, ತಕ್ಕಡಿ ಯಾರ ಕೈಯಲ್ಲಿದೆ ಎಂದು ನೋಡಬೇಕು. ನನ್ನ ಕಥೆಯ ನಾಯಕನಿಗೆ ಮನೆಯಲ್ಲಿ ಕಾಯುವ ತಾಯಿಯಿದ್ದಳು. ಎರಡು ಪುಟಗಳ ನಂತರ ಅವಳು ಬಾಗಿಲಲ್ಲಿ ನಿಂತಿರುವ ಸಾಲು ಬರುತ್ತದೆ. ಅದನ್ನು ನೋಡಿದ ಮೇಲೆ ನಿಶ್ಚಿಂತೆಯನ್ನು ಹೊಡೆದುಹಾಕಿ, 'ಏನೂ ಆಗಿಲ್ಲವೆಂಬಂತೆ' ಎಂದು ಬರೆದೆ.

ಸರದಿ

ಚಿಂತೆಯಿಲ್ಲದಿರುವುದೇ ತಪ್ಪು ಎಂದು ಈ ಲೇಖನ ಹೇಳುತ್ತಿದೆ ಎಂದು ಯಾರೂ ಭಾವಿಸಬಾರದು. ಹಗಲಿರುಳು ಕಾಯುವ ಮನುಷ್ಯ ಬತ್ತಿಹೋಗುತ್ತಾನೆ. ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ಅಂತರ ಎಂದು ನಮ್ಮವರು ಹೇಳುವುದು ಸುಮ್ಮನೆ ಅಲ್ಲ. ನಿರಾಳ ಎಲ್ಲರಿಗೂ ಬೇಕು, ಆದ್ದರಿಂದಲೇ ಅದನ್ನು ಹಂಚಿಕೊಳ್ಳುವ ದಾರಿ ಬೇಕು.

ಇನ್‌ಸೂಸಿಯನ್ಸ್‌ನ ತವರಾದ ಫ್ರಾನ್ಸಿನಲ್ಲೇ ಅಂಥ ದಾರಿಯೊಂದು ತೆರೆದಿತ್ತು. 1936ರ ಬೇಸಿಗೆಯಲ್ಲಿ ದೇಶದಾದ್ಯಂತ ಕಾರ್ಖಾನೆಗಳ ಮುಷ್ಕರ ನಡೆದ ಬೆನ್ನಿಗೆ ಲಿಯೋಂ ಬ್ಲೂಮ್ ಅವರ ಪಾಪ್ಯುಲರ್ ಫ್ರಂಟ್ ಸರ್ಕಾರ ಕಾನೂನು ಮಾಡಿ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆಯನ್ನೂ ವಾರಕ್ಕೆ 40 ಗಂಟೆಗಳ ಕೆಲಸವನ್ನೂ ಕೊಟ್ಟಿತು. ರಜೆಗೆ ಹೋಗುವವರಿಗೆ ರೈಲು ಟಿಕೆಟ್ಟಿನ ದರ ಇಳಿಸಿದರು. ಆ ಬೇಸಿಗೆಯಲ್ಲಿ ಸೈಕಲ್ಲಿನಲ್ಲಿ, ರೈಲಿನಲ್ಲಿ ಊರು ಬಿಟ್ಟು ಹೊರಟ ಎಷ್ಟೋ ಕುಟುಂಬಗಳು ಸಮುದ್ರವನ್ನು ಕಂಡದ್ದು ಅದೇ ಮೊದಲು. ಅಲ್ಲಿಯವರೆಗೆ ಕಡಲ ದಂಡೆಯ ನಿರಾಳ ಸೆಸೀಲಳ ತಂದೆಯಂಥವರ ಸ್ವತ್ತಾಗಿತ್ತು. ಕಲ್ಲು ಹೊತ್ತವರಿಗೂ ಎರಡು ವಾರದ ಸಾಂಸೂಸಿ ಸಿಕ್ಕಿತು. ಯಾರೋ ದಯೆ ತೋರಿ ಕೊಟ್ಟದ್ದಲ್ಲ ಅದು, ಹಕ್ಕಾಗಿ ಬಂದದ್ದು.

ನಮ್ಮ ಮನೆಗಳಲ್ಲಿ ಆ ಕಾನೂನು ಇನ್ನೂ ಆಗಿಲ್ಲ. ಹಬ್ಬದ ಮಧ್ಯಾಹ್ನ ಊಟ ಮುಗಿಸಿ ಪಡಸಾಲೆಯಲ್ಲಿ ಅಡ್ಡಾಗುವವರು ಯಾರು, ಪಾತ್ರೆ ಬಳಿದಿಟ್ಟು ಸಂಜೆಯ ಕಾಫಿಗೆ ಹಾಲು ಉಳಿದಿದೆಯೇ ಎಂದು ನೋಡುವವರು ಯಾರು ಎಂದು ಎಣಿಸಿದರೆ ಗೊತ್ತಾಗುತ್ತದೆ. ಈ ಪದದ ಬಗ್ಗೆ ಬರೆಯಲು ಕೂತ ನಾನು ಆ ಎಣಿಕೆಯಿಂದ ಹೊರಗಿಲ್ಲ.

ಆ ಮಂಗಳವಾರ ಸಂತೆಯಿಂದ ಹೊರಡುವಾಗ ಸಂಜೆಯಾಗಿತ್ತು. ಬಸ್ಸು ಹಿಡಿಯಲು ಈರುಳ್ಳಿ ರಾಶಿಯ ಮುಂದಿನಿಂದಲೇ ಹಾದು ಬಂದೆ. ರಾಶಿ ಅರ್ಧಕ್ಕಿಳಿದಿತ್ತು. ಟವೆಲು ತಲೆಗೆ ಸುತ್ತಿಕೊಂಡು ಅವನು ಕೂತಿದ್ದ, ತಕ್ಕಡಿ ಅವನ ಕೈಗೆ ಬಂದಿತ್ತು. ಕಡೆಯ ಗಿರಾಕಿಗಳಿಗೆ ದರ ಇಳಿಸಿ ಕೂಗುತ್ತಿದ್ದ. ಅದೇ ಗೋಣಿಚೀಲದ ಮೇಲೆ, ಸೆರಗನ್ನು ಮುಖಕ್ಕೆ ಎಳೆದುಕೊಂಡು, ಆಕೆ ಮಲಗಿದ್ದಳು. ಬಟ್ಟೆ ವ್ಯಾಪಾರಿಯ ಮೈಕು ಇನ್ನೂ ಕೂಗುತ್ತಲೇ ಇತ್ತು. ಗಿರಾಕಿಯೊಬ್ಬ ಚೌಕಾಸಿಯಲ್ಲಿ ದನಿ ಏರಿಸಿದಾಗ ಅವನು ಹಿಂದಕ್ಕೊಮ್ಮೆ ತಿರುಗಿ ನೋಡಿ, ಮೆಲ್ಲಗೆ ಮಾತಾಡಿ ಎಂದು ಕೈಸನ್ನೆ ಮಾಡಿದ.